ಅಜ್ಜಿಯ ಅಂಗಳದ ಹಸ್ತಪ್ರತಿ

ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಲ, ಜಯಧವಲ, ಮಹಾಧವಲಗಳ ತಾಳೆಗರಿಯ ಪ್ರತಿಗಳ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಯಿರಲಾರನು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳೂ ಉಂಟು. ವಿದ್ವಾಂಸರು ಅವುಗಳ ಕಾಲ, ಕರ್ತೃ, ಸಿದ್ಧಾಂತಗಳನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಆದರೆ ಅವು ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಉಡುಗೊರೆಗಳೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮಲ್ಲಿಕಬ್ಬೆಯೆಂಬ ಸಾಧ್ವಿಯು ಶ್ರೀಪಂಚಮಿಯ ನೋಂಪಿಯನ್ನು ಮುಗಿಸಿದಾಗ ಮಹಾಧವಲವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದಳೆಂದು ಅದರ ಪ್ರಶಸ್ತಿಯಿಂದಲೇ ತಿಳಿಯುತ್ತದೆ. ಅದಕ್ಕೂ ಹಿಂದೆ, 10ನೆಯ ಶತಮಾನದ ಕೊನೆಯಲ್ಲಿ, ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದ್ದು ಪ್ರಸಿದ್ಧವೇ ಆಗಿದೆ. ಮುದ್ರಣಯಂತ್ರವಿಲ್ಲದ ಕಾಲದಲ್ಲಿ 1000 ಪ್ರತಿ ಎಂದರೆ ಎಷ್ಟು ಬೆರಳುಗಳ ನೋವು ಎಂಬುದನ್ನು ವಾಚಕರು ಊಹಿಸಿಕೊಳ್ಳಬೇಕು.

ಈ ಹಳೆಯ ಸಂಗತಿಗಳು ನೆನಪಾದುದಕ್ಕೆ ಕಾರಣ ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿನಿ. ಬೆಳ್ತಂಗಡಿ ತಾಲೂಕಿನಲ್ಲಿ, ವೇಣೂರಿನ ಆಸುಪಾಸಿನ ಹಳ್ಳಿಯವಳು. ಅವಳ ಅಜ್ಜಿಗೆ ಬರುವ ಮಾಘದಲ್ಲಿ ಸಹಸ್ರ ಚಂದ್ರದರ್ಶನ ಶಾಂತಿ. ಇಪ್ಪತ್ತೊಂಬತ್ತೂವರೆ ದಿನಕ್ಕೊಂದು ಹುಣ್ಣಿಮೆಯಂತೆ 1000 ಹುಣ್ಣಿಮೆಗಳಿಗೆ ಸುಮಾರು 80 ವರ್ಷ 10 ತಿಂಗಳಾಗುತ್ತದೆ. ಮನೆಮನೆಯ ಪದ್ಧತಿಯಂತೆ ಕೆಲವರು ಇನ್ನೂ ಎರಡು ಮೂರು ವರ್ಷ ಕಾಯುವುದೂ ಉಂಟು. ಮಕ್ಕಳೆಲ್ಲ ಸೇರಿ ಸೀರೆ, ಬಂಗಾರ ಎಂದು ಲೆಕ್ಕ ಹಾಕುತ್ತಿದ್ದಾರೆ. ಈ ಹುಡುಗಿಗೆ ಮಾತ್ರ ಕೈಯಾರೆ ಏನಾದರೂ ಮಾಡಿ ಕೊಡಬೇಕೆಂಬ ಹಂಬಲ. "ಆದರೆ ಸರ್, ನಾನು ಏನು ಮಾಡಿದರೂ ಅಜ್ಜಿ ಅದಕ್ಕಿಂತ ಚೆನ್ನಾಗಿ ಮಾಡ್ತಾರೆ" ಎಂದಳು.

ಕಷ್ಟವಿರುವುದು ಅಲ್ಲಿಯೇ. ಕಲೆಯನ್ನು ಅರಿಯದ ಅಜ್ಜಿಯಾಗಿದ್ದರೆ ಮೊಮ್ಮಗಳ ಸೊಟ್ಟ ಹೊಲಿಗೆಯೂ ಅವಳಿಗೆ ಸಂಭ್ರಮವೇ. ಇವರೋ, ಹೂವಿನ ದಂಡೆ, ಬತ್ತಿಯ ಮಾಲೆ, ಮುಂಡುಗದ ಚಾಪೆ, ಹಸೆಯ ಮೇಲಿನ ಶೇಡಿಯ ಬರೆಹ, ಏನೆಲ್ಲದರಲ್ಲೂ ಕೈ ಪಳಗಿದವರು. ಕಸೂತಿಯ ಶಾಲು ಹೊದಿಸಿದರೆ ಮೊದಲು ಅದರ ಹಿಂಬದಿಯನ್ನು ತಿರುಗಿಸಿ ಗಂಟುಗಳನ್ನು ನೋಡುವ ಜಾತಿ. ನಿಜವಾದ ಕಸಬುಗಾರರ ಲಕ್ಷಣವೇ ಅದು. ಅವರಲ್ಲಿ ವಾತ್ಸಲ್ಯವೆಷ್ಟಿದ್ದರೂ ಕಣ್ಣು ಸುಳ್ಳು ಹೇಳುವುದಿಲ್ಲ.

ಊರಿನ ಮಹಿಮೆಯೋ ಏನೋ, ಹುಡುಗಿಗೆ ತಾಳೆಗರಿಯ ಯೋಚನೆ ಬಂತು. ಶ್ರೀತಾಳದ ಗರಿಯನ್ನು ಬೇಯಿಸಿ, ಒಣಗಿಸಿ, ಉಜ್ಜಿ ನಯಮಾಡಿ, ಕಂಟದಿಂದ ಗೀಚಿ, ಮೇಲೆ ದೀಪದ ಕಪ್ಪನ್ನು ಸವರಿ ಒರೆಸಿದರೆ ಗೀರುಗಳಲ್ಲಿ ಮಸಿ ನಿಂತು ಅಕ್ಷರ ಎದ್ದುಬರುತ್ತದೆ. ಮಾಡಿ ಕಲಿಯಬಹುದಾದ ವಿದ್ಯೆಯೇ. ಆದರೆ ಶ್ರೀತಾಳ ಈಗ ಅಪರೂಪ. ಹಲವು ದಶಕ ಬೆಳೆದು, ಬಾಳಿನಲ್ಲಿ ಒಂದೇ ಸಲ ಹೂಬಿಟ್ಟು, ಕಾಯಿ ಮಾಗಿದ ಮೇಲೆ ಸಾಯುವ ಮರವದು. ಅದೂ ಅಲ್ಲದೆ ನಾಲ್ಕು ಬೆರಳಗಲದ ಗರಿಯಲ್ಲಿ ಸಾಲು ಹಿಡಿದೀತೇ ಹೊರತು ಅಂಗಳ ಹಿಡಿಯಲಾರದು.

ಅಂಗಳವೆಂದೆನಲ್ಲವೆ? ಆ ಅಜ್ಜಿಯ ದೊಡ್ಡ ಕಲೆ ಇರುವುದು ಅಂಗಳದಲ್ಲಿ. ಮದುವೆಯಾಗಿ ಬಂದಂದಿನಿಂದ ಮಳೆಗಾಲದ ದಿನಗಳನ್ನು ಬಿಟ್ಟರೆ ಪ್ರತಿದಿನ ಬೆಳಗ್ಗೆ ತುಳಸೀಕಟ್ಟೆಯ ಮುಂದೆ ಒಂದು ರಂಗೋಲಿ. ಮಧ್ಯಾಹ್ನದೊಳಗೆ ಅದು ಕೋಳಿಯ ಕಾಲಿಗೆ, ಅಡಕೆ ಒಣಹಾಕುವವರ ಹೆಜ್ಜೆಗೆ ಸಂದುಹೋಗುತ್ತದೆ. ವೇಣೂರಿನ ಗೊಮ್ಮಟನನ್ನು 1604ರಲ್ಲಿ ನಿಲ್ಲಿಸಿದರು. ಫಲ್ಗುಣಿಯ ದಡದಲ್ಲಿ ಇಂದಿಗೂ ನಿಂತಿದ್ದಾನೆ. ಅವನಿಂದ ಕೂಗಳತೆಯ ದೂರದಲ್ಲಿ ಹುಟ್ಟಿದ ಈ ಚಿತ್ರಗಳಿಗೆ ಅರ್ಧ ದಿನದ ಆಯುಸ್ಸು. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವುದುಂಟು. ಹಳೆಯ ತುಳುವ ಮನೆಗಳ ಅಡಿಗೆಯ ಪಾತ್ರೆ, ಅಳತೆಯ ಸೇರು, ಬೇಸಾಯದ ಉಪಕರಣ, ಎಲ್ಲವನ್ನೂ ಅಲ್ಲಿ ಕಾಪಿಟ್ಟಿದ್ದಾರೆ. ಮುಂಜಾನೆಯ ರಂಗೋಲಿಯನ್ನು ಯಾವ ಕಪಾಟಿನಲ್ಲಿಡುವುದು? ಅಜ್ಜಿಯ ಬಳಿ ಪುಸ್ತಕವಿಲ್ಲ, ಪಟ್ಟಿಯಿಲ್ಲ. ಎಲ್ಲವೂ ಬೆರಳಿನಲ್ಲಿದೆ, ಆ ಬೆರಳು ಎರಡು ವರ್ಷಗಳಿಂದ ನಡುಗತೊಡಗಿದೆ.

ಆದುದರಿಂದ ಅಜ್ಜಿಯ ಅಂಗಳವನ್ನೇ ಪ್ರತಿಮಾಡಿ ಅಜ್ಜಿಗೆ ಕೊಡುವುದೆಂದು ನಿಶ್ಚಯವಾಯಿತು. ಕಾಗದದ ಪುಸ್ತಕ, ಕೈಬರೆಹ, ಕೈಹೊಲಿಗೆ. ಗುಟ್ಟಾಗಿ ಮಾಡಿ ಆ ದಿನ ಥಟ್ಟನೆ ಮುಂದಿಡಬೇಕೆಂಬುದು ಹುಡುಗಿಯ ಆಸೆ. ಇಂತಹ ಗುಟ್ಟುಗಳಲ್ಲಿ ನನಗೆ ವಿಶ್ವಾಸ ಕಡಮೆ. ಕೇಳಿ ಬರೆದುಕೊಳ್ಳಬಹುದಾದ್ದನ್ನು ಕದ್ದು ಬರೆದುಕೊಳ್ಳುವುದೇಕೆ? ಹುಡುಗಿ ಒಪ್ಪಲಿಲ್ಲ. ರಜೆಯಲ್ಲಿ ಊರಿಗೆ ಹೋಗಿ, ಅಜ್ಜಿ ಒಳಗೆ ಹೋದೊಡನೆ ಹೊರಗೆ ಬಂದು ಚುಕ್ಕಿ ಎಣಿಸಿದಳು. ಏಳರಿಂದ ಒಂದಕ್ಕೆ ಇಳಿಯುವ ನೇರ ಚುಕ್ಕಿಯಾದರೆ ಒಟ್ಟು 25. ಏಳರಿಂದ ನಾಲ್ಕಕ್ಕೆ ಇಳಿಯುವ ಸಂದು ಚುಕ್ಕಿಯಾದರೆ 37. ಚುಕ್ಕಿಯ ಲೆಕ್ಕ ಸುಲಭ. ಎಳೆ ಎಲ್ಲಿಂದ ಹೊರಟು ಎಲ್ಲಿ ಸುತ್ತಿ ಎಲ್ಲಿ ಮುಚ್ಚಿತು ಎಂಬುದು ಮುಗಿದ ಚಿತ್ರವನ್ನು ನೋಡಿದರೆ ತಿಳಿಯುವುದಿಲ್ಲ. ಒಂದು ಚಿತ್ರವಂತೂ ಅವಳಿಗೆ ಎಷ್ಟು ಮಾಡಿದರೂ ಕೂಡಿಬರಲಿಲ್ಲ. ಮರುದಿನ ಬಂದು ನೋಡಿದರೆ ಅದೇ ರಂಗೋಲಿ. ಮೂರನೆಯ ದಿನವೂ ಅದೇ. ಅಜ್ಜಿ ಎಂದೂ ಒಂದೇ ರಂಗೋಲಿಯನ್ನು ಒಂದರ ಹಿಂದೊಂದು ದಿನ ಹಾಕಿದವರಲ್ಲ! ನಾಲ್ಕನೆಯ ಬೆಳಗ್ಗೆ ಹುಡುಗಿ ಹೊರಗೆ ಬರುವಾಗ ಅಜ್ಜಿ ಇನ್ನೂ ಅಲ್ಲಿಯೇ ಕುಕ್ಕುರುಗಾಲಿನಲ್ಲಿ ಕೂತಿದ್ದರಂತೆ. ತಲೆಯೆತ್ತದೆಯೇ, "ಈ ಮೂಲೆಯಿಂದ ಸುರು ಮಾಡ್ಬೇಕು ಮಗಾ" ಎಂದರಂತೆ. ಪುಸ್ತಕ ಏತಕ್ಕೆಂದು ಮಾತ್ರ ಇಂದಿನವರೆಗೂ ಕೇಳಿಲ್ಲ.

ಇಲ್ಲಿಂದ ಮುಂದಿನ ತೊಡಕು ನನ್ನ ಶಾಸ್ತ್ರಕ್ಕೆ ಸೇರಿದ್ದು. ನಡುಗುವ ಕೈಯಿಂದ ಎಳೆದ ಗೆರೆ ಅಲ್ಲಲ್ಲಿ ಅಲುಗಿದೆ. ಒಂದೆರಡು ಕಡೆ ಎಳೆ ಚುಕ್ಕಿಯ ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ಹೋಗಿದೆ. ಪುಸ್ತಕದಲ್ಲಿ ಅದನ್ನು ತಿದ್ದಬೇಕೆ, ಇದ್ದಂತೆಯೇ ಇಡಬೇಕೆ? ಗ್ರಂಥಸಂಪಾದನೆ ಮಾಡಿದವರಿಗೆಲ್ಲ ಇದು ಪರಿಚಿತವಾದ ಸಂಕಟ. ಪ್ರತಿಕಾರನ ತಪ್ಪೆಂದು ಇಂದು ನಾವು ತಿದ್ದಿದ್ದು ನಾಳೆ ಕವಿಯ ಪಾಠವೇ ಆಗಿರಬಹುದು. ಅದಕ್ಕಾಗಿಯೇ ಒಳ್ಳೆಯ ಸಂಪಾದಕನು ತನಗೆ ತೋರಿದ ಶುದ್ಧಪಾಠವನ್ನು ಮೇಲಿಟ್ಟರೂ ಪ್ರತಿಯಲ್ಲಿದ್ದುದನ್ನು ಅಡಿಯಲ್ಲಿ ಕೊಟ್ಟೇ ಕೊಡುತ್ತಾನೆ. ಹುಡುಗಿ ಗೆರೆಗಳನ್ನೆಲ್ಲ ನೇರಮಾಡಬೇಕೆಂದಳು. ನಡುಕವನ್ನು ತೋರಿಸಿದರೆ ಅಜ್ಜಿಗೆ ನೋವಾದೀತು ಎಂಬುದು ಅವಳ ವಾದ, ಹೃದಯವಂತಿಕೆಯ ವಾದವೇ. ನನ್ನ ತೀರ್ಮಾನ ಬೇರೆ. ನಡುಕ ದೇಹದ್ದು, ಅದನ್ನು ಬಿಡಬಹುದು. ಎಳೆ ತಿರುಗಿದ ದಿಕ್ಕು ಮಾತ್ರ ಮನಸ್ಸಿನದು, ಅದನ್ನು ಮುಟ್ಟಕೂಡದು. ಬಲಕ್ಕೆ ಹೋದ ಎಳೆಯೂ ಕೊನೆಗೆ ಮುಚ್ಚಿದೆಯೇ ಎಂದು ನೋಡು, ಮುಚ್ಚಿದ್ದರೆ ಅದು ತಪ್ಪಲ್ಲ, ಪಾಠಾಂತರ ಎಂದೆನು. ಅವಳು ನೋಡಿಕೊಂಡು ಬಂದಳು. ಎರಡರಲ್ಲಿ ಒಂದು ಮುಚ್ಚಿತ್ತು. ಇನ್ನೊಂದನ್ನು ಅಜ್ಜಿಯನ್ನೇ ಕೇಳಿ ಸರಿಪಡಿಸಿಕೊಂಡಳು.

ಈ ಎಳೆಗಳಿಗೆ ವ್ಯಾಕರಣವುಂಟೆಂಬುದು ನಾನು ಕಟ್ಟಿದ ಮಾತಲ್ಲ. 1970ರ ದಶಕದಲ್ಲಿ ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಪ್ರಾಧ್ಯಾಪಕ ಗಿಫ್ಟ್ ಸಿರೋಮನಿ ಅವರೂ ಸಂಗಡಿಗರೂ ತಮಿಳು ಮನೆಗಳ ಕೋಲಗಳನ್ನು ಗಣಿತದ ವ್ಯಾಕರಣಕ್ಕೆ ಒಳಪಡಿಸಿ ಲೇಖನಗಳನ್ನು ಪ್ರಕಟಿಸಿದರು. ಪಾಮರ ಕಲೆಯೆಂದು ಮೂಗು ಮುರಿಯುವವರು ಅವನ್ನು ಓದಬೇಕು. (ಉಡುಗೊರೆಯ ವಿಷಯ ಬರೆಯುವಾಗ ಅವರ ಹೆಸರಿನ ಅರ್ಥವೂ ಅದೇ ಎಂಬುದು ಬರಿಯ ಕಾಕತಾಳೀಯ.)

ಪುಸ್ತಕದ ರೂಪದ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಕಾಗದದ ಮೇಲೆ ಶೇಡಿಯನ್ನೇ ಎಳೆದು ನೋಡಿದಳು; ಒಣಗಿದೊಡನೆ ಉದುರಿತು. ಕೊನೆಗೆ ದಪ್ಪ ಕರಿಯ ಹಾಳೆ, ಬಿಳಿಯ ಬಣ್ಣ, ಸಣ್ಣ ಕುಂಚ. ಎಡಪುಟದಲ್ಲಿ ಬರಿಯ ಚುಕ್ಕಿ, ಬಲಪುಟದಲ್ಲಿ ತುಂಬಿದ ಚಿತ್ರ. ಅಕ್ಷರಗಳನ್ನು ದಪ್ಪಗೆ ಬರೆಯಲು ಹೇಳಿದ್ದೇನೆ, ಅಜ್ಜಿಯ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಹೆಸರುಗಳೂ ಅವರದೇ: ಬಾಗಿನದ ಮೊರ, ಅತ್ತೆಮನೆ ದಾರಿ, ಹಾವು ಬಿಚ್ಚಿದ್ದು. ಕೊನೆಯದಕ್ಕೆ ಏಕೆ ಆ ಹೆಸರೆಂದರೆ, ಅದನ್ನು ಹಾಕಿದ ದಿನ ಕಟ್ಟೆಯ ಬುಡದಲ್ಲಿ ನಾಗರಹಾವು ಕಂಡಿತ್ತಂತೆ.

ಹಳೆಯ ಓಲೆಗಳ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಊರು, ತಿಥಿಗಳನ್ನು ಬರೆದು ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡುವ ಸಂಪ್ರದಾಯವಿದೆ. ಹುಡುಗಿಯೂ ಅಂತಹುದೊಂದು ಪುಟವನ್ನು ಬರೆದು ತಂದು ತೋರಿಸಿದಳು. ಕರ್ತೃವಿನ ಸ್ಥಳದಲ್ಲಿ ಅಜ್ಜಿಯ ಹುಟ್ಟಿದ ಮನೆಯ ಹೆಸರು, ಪ್ರತಿಕಾರಳ ಸ್ಥಳದಲ್ಲಿ ತನ್ನ ಹೆಸರು. ತಿಥಿಯ ಜಾಗ ಖಾಲಿ. ಮಾಘಕ್ಕೆ ಇನ್ನೂ ನಾಲ್ಕು ಹುಣ್ಣಿಮೆಗಳಿವೆ. 41 ಚಿತ್ರಗಳು ಮುಗಿದಿವೆ. ಈ ಶನಿವಾರ ಅವಳು ಮತ್ತೆ ಊರಿಗೆ ಹೋಗುತ್ತಾಳೆ. ಹನ್ನೊಂದು ಚುಕ್ಕಿಯದೊಂದು ಬಾಕಿಯಿದೆ, ಬೇಗ ಬಾ ಎಂದು ಅಜ್ಜಿ ಫೋನಿನಲ್ಲಿ ಹೇಳಿದ್ದಾರಂತೆ.