ಶಾಖವನ್ನು ಕಾಣುವ ಹಾವು

ವಾಚಕರೇ, ನೀವು ಮಳೆಗಾಲದಲ್ಲಿ ಬೆಳಗಾವಿಯಿಂದ ಖಾನಾಪುರ ದಾಟಿ ಭೀಮಗಡದ ಅಡವಿಗೆ ಹೋದರೆ, ಟೊಂಗೆಗೆ ಕೈಯಿಡುವ ಮುನ್ನ ನೋಡಿರಿ. ಹಸುರೆಲೆಯ ಅಥವಾ ತರಗೆಲೆಯ ಬಣ್ಣದ ಮಲಬಾರ್ ಗುಳಿಮಂಡಲ ಅಲ್ಲಿ ಅಲುಗದೆ ಮಲಗಿರಬಹುದು.

ಇದರ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಗುಳಿ. ಅದರೊಳಗಿನ ತೆಳುಪೊರೆ ಕಗ್ಗತ್ತಲೆಯಲ್ಲಿಯೂ ಇಲಿಯ ಮೈಶಾಖವನ್ನು ಗ್ರಹಿಸುತ್ತದೆ.

ಇದರ ವಿಷ ಮಾಂಸಖಂಡವನ್ನು ಕೆಡಿಸುವ ಬಗೆಯನ್ನು ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು 2006ರಲ್ಲಿ ತೋರಿಸಿದರು. ನಮ್ಮ ದೇಶದ ಪ್ರತಿವಿಷವಾದರೋ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆಂದೇ ಸಿದ್ಧವಾದದ್ದು. ಗುಳಿಮಂಡಲಕ್ಕೆ ಅದನ್ನು ನೆಚ್ಚುವಂತಿಲ್ಲ. ಆದುದರಿಂದ ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿದು ಕಟ್ಟದೆ, ಹಾವನ್ನು ಅಟ್ಟದೆ, ಕೂಡಲೇ ಆಸ್ಪತ್ರೆ ಸೇರಿ ಅದರ ಬಣ್ಣ, ಆಕಾರಗಳನ್ನು ವೈದ್ಯರಿಗೆ ಹೇಳಿರಿ. ಚಿಕಿತ್ಸೆಯ ದಾರಿ ಅದರಿಂದಲೇ ತೆರೆದೀತು.