ಎಂಜಿನ್ ಕೆಟ್ಟ ಹಳೆಯ ದೋಣಿ: ಕೊಳ್ಳಬೇಕೇ, ಬಿಡಬೇಕೇ?



ಹಳೆಯ ಸ್ಕೂಟರ್, ಹಳೆಯ ಕಾರು ಕೊಳ್ಳುವ ಬಗ್ಗೆ ನಮಗೆ ಆಗಾಗ ಪ್ರಶ್ನೆಗಳು ಬರುತ್ತವೆ. ಈ ಸಲ ಬಂದದ್ದು ದೋಣಿಯ ಪ್ರಶ್ನೆ. ಕೇಳಿದವರು ಉಡುಪಿ ಕಡೆಯವರು, ನಾಸಿಕದಲ್ಲಿ ಹೋಟೆಲ್ ನಡೆಸುತ್ತಾರೆ. ಛತ್ರಪತಿ ಸಂಭಾಜಿನಗರದಲ್ಲಿರುವ ಅವರ ಭಾವ ಕೊಂಕಣದ ಕಡೆಯಿಂದ ಒಂದು ಹಳೆಯ ಫೈಬರ್ ಬೋಟ್ ಗೊತ್ತು ಮಾಡಿದ್ದಾರೆ. ಎಂಟು ಜನ ಕೂರಬಹುದು, ಹಿಂದೆ ಔಟ್‌ಬೋರ್ಡ್ ಎಂಜಿನ್. ರೇಟು ಕಡಿಮೆ, ಕಾರಣ ಎಂಜಿನ್ ಸರಿಯಾಗಿ ಓಡುತ್ತಿಲ್ಲ. "ಒಂದು ಸರ್ವಿಸ್ ಮಾಡಿಸಿದರೆ ಸರಿಹೋಗುತ್ತದೆ ಮಾರಾಯ" ಎಂಬುದು ಭಾವನ ಮಾತು. "ಊರಿನ ಮನೆ ರಿಪೇರಿಗೆ ಇಟ್ಟ ದುಡ್ಡು ಇದು, ಏನು ಮಾಡಲಿ?" ಎಂಬುದು ನಮ್ಮ ಕೇಳುಗರ ಚಿಂತೆ.

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ಆದರೆ ಇದು ದಾನವಲ್ಲ. ಆದ್ದರಿಂದ ಹಲ್ಲು ಎಣಿಸೋಣ.

ಮೊದಲು ನೀರು, ಆಮೇಲೆ ದೋಣಿ

ಕನ್ನಡ ನಾಡು ಕಾವೇರಿಯಿಂದ ಗೋದಾವರಿವರೆಗೆ ಇತ್ತು ಎಂದು ಕವಿರಾಜಮಾರ್ಗ ಹೇಳುತ್ತದೆ. ನಮ್ಮ ಕೇಳುಗರು ದೋಣಿ ಬಿಡಬೇಕೆಂದಿರುವುದು ಅದೇ ಗೋದಾವರಿಯ ನೀರಿನಲ್ಲಿ. ಅವರ ಮುಂದೆ ಎರಡು ಜಾಗಗಳಿವೆ. ಒಂದು, ನಾಸಿಕದ ಮೇಲಿರುವ ಗಂಗಾಪುರ ಅಣೆಕಟ್ಟು. ಇನ್ನೊಂದು, ಪೈಠಣದ ಜಾಯಕವಾಡಿ, ಅಂದರೆ ನಾಥಸಾಗರ. 1965ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಈ ಅಣೆಕಟ್ಟನ್ನು 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ತುಂಬಿದಾಗ ನೂರು ಟಿಎಂಸಿಗೂ ಹೆಚ್ಚು ನೀರು. ಆದರೆ ಅಗಲ ಹೆಚ್ಚು, ಆಳ ಕಡಿಮೆ. 2016ರ ಬರಗಾಲದಲ್ಲಿ ಲಾತೂರಿಗೆ ರೈಲಿನಲ್ಲಿ ನೀರು ತಂದದ್ದು ನೆನಪಿರಬಹುದು. ಆ ಬೇಸಿಗೆಯಲ್ಲಿ ಜಾಯಕವಾಡಿಯಲ್ಲೂ ಬಳಸುವಷ್ಟು ನೀರು ಉಳಿದಿರಲಿಲ್ಲ.

ಹಾಗಾಗಿ ಮೊದಲ ಪ್ರಶ್ನೆ ಎಂಜಿನ್ನಿನದಲ್ಲ. ವರ್ಷದಲ್ಲಿ ಎಷ್ಟು ದಿನ ದೋಣಿ ತೇಲುತ್ತದೆ? ಮಳೆಗಾಲದ ಪ್ರವಾಹದ ದಿನಗಳನ್ನೂ ನೀರು ಇಳಿದ ಬೇಸಿಗೆ ವಾರಗಳನ್ನೂ ಕಳೆಯಿರಿ. ಉಳಿದ ದಿನಗಳೇ ನಿಮ್ಮ ದೋಣಿಯ ಆಯುಸ್ಸು.

ಎರಡನೆಯದು ಅನುಮತಿ. ಜಾಯಕವಾಡಿ 1986ರಿಂದ ಪಕ್ಷಿಧಾಮ, ಅರಣ್ಯ ಇಲಾಖೆಯನ್ನು ಕೇಳದೆ ಅಲ್ಲಿ ಮೋಟಾರು ಬೋಟ್ ಇಳಿಸುವಂತಿಲ್ಲ. ಗಂಗಾಪುರದ ನೀರು ನಾಸಿಕದವರು ಕುಡಿಯುವ ನೀರು, ಅಲ್ಲಿ ಜಲಸಂಪನ್ಮೂಲ ಇಲಾಖೆಯ ಒಪ್ಪಿಗೆ ಬೇಕು. ಇಂದು ಇರುವ ಅನುಮತಿ ನಾಳೆ ಇಲ್ಲವಾಗಲೂಬಹುದು. ಭೋಪಾಲದ ದೊಡ್ಡ ಕೆರೆಯಲ್ಲಿ ಮೋಟಾರು ಬೋಟುಗಳನ್ನು ನಿಲ್ಲಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2023ರಲ್ಲಿ ಆದೇಶಿಸಿತು. ಅನುಮತಿ ಕೈಗೆ ಬಾರದೆ ದೋಣಿಗೆ ಮುಂಗಡ ಕೊಡಬೇಡಿ.

ಎಂಜಿನ್: ಯಾವ ರೋಗ, ಎಷ್ಟು ಖರ್ಚು

ಎಂಜಿನ್ನಿನ ತೊಂದರೆಗಳನ್ನು ಮೂರು ಗುಂಪು ಮಾಡಿಕೊಳ್ಳಿ.

ಮೊದಲನೆಯದು ನೆಗಡಿಯಂಥದ್ದು. ಸ್ಟಾರ್ಟ್ ಆಗಲು ತಡ, ಆಮೇಲೆ ಸಲೀಸು. ವೇಗ ಕೊಟ್ಟರೆ ಕೆಮ್ಮುತ್ತದೆ. ಕಾರಣ ಹಳಸಿದ ಪೆಟ್ರೋಲ್, ಕಟ್ಟಿಕೊಂಡ ಕಾರ್ಬುರೇಟರ್, ಕರಿಹಿಡಿದ ಪ್ಲಗ್, ಸೋತ ಬ್ಯಾಟರಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಹಳೆಯ ರಬ್ಬರ್ ಪೈಪುಗಳೂ ಅದರಿಂದ ಬೇಗ ಹಾಳಾಗುತ್ತವೆ. ಇವೆಲ್ಲ ರಿಪೇರಿಯಾಗುವ ತೊಂದರೆಗಳು.

ಎರಡನೆಯದು ಜ್ವರ. ಔಟ್‌ಬೋರ್ಡ್ ಎಂಜಿನ್ ತಂಪಾಗಲು ಕೆಳಗಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಆ ಕೆಲಸ ಮಾಡುವುದು ಇಂಪೆಲರ್ ಎಂಬ ಪುಟ್ಟ ರಬ್ಬರ್ ಚಕ್ರ. ಎಂಜಿನ್ ಓಡುವಾಗ ಪಕ್ಕದ ತೂತಿನಿಂದ ನೀರಿನ ಸಣ್ಣ ಧಾರೆ ಹೊರಬರುತ್ತಿರಬೇಕು. ಬಾರದಿದ್ದರೆ ತಕ್ಷಣ ಆಫ್ ಮಾಡಿ. ಇಂಪೆಲರ್ ಮಾತ್ರ ಸವೆದಿದ್ದರೆ ಖರ್ಚು ಕಡಿಮೆ. ನೀರಿನ ದಾರಿಯೇ ಉಪ್ಪಿನಿಂದ ಕಟ್ಟಿಕೊಂಡಿದ್ದರೆ ಎಂಜಿನ್ ಬಿಚ್ಚಬೇಕು. ಗೇರ್ ಎಣ್ಣೆಯನ್ನೂ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ಒಳಗೆ ನೀರು ಹೋಗಿದೆ. ಸೀಲ್ ಬದಲಿಸಿದರೆ ಸಾಕಾಗಬಹುದು, ಅಥವಾ ಹಲ್ಲುಚಕ್ರಗಳೇ ತುಕ್ಕು ಹಿಡಿದಿರಬಹುದು.

ಮೂರನೆಯದು ಹೃದಯದ ಕಾಯಿಲೆ. ಇದನ್ನು ಕಿವಿ ಹಿಡಿಯುವುದಿಲ್ಲ, ಕಂಪ್ರೆಶನ್ ಗೇಜ್ ಹಿಡಿಯುತ್ತದೆ. ಪ್ಲಗ್ ತೆಗೆದು ಆ ತೂತಿಗೆ ಗೇಜ್ ಹಾಕಿ ಎಂಜಿನ್ ತಿರುಗಿಸಿದರೆ ಪ್ರತಿ ಸಿಲಿಂಡರಿನ ಒತ್ತಡ ಕಾಣುತ್ತದೆ. ಸಿಲಿಂಡರುಗಳ ನಡುವೆ ಶೇಕಡಾ 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಪಿಸ್ಟನ್ ರಿಂಗ್, ಸಿಲಿಂಡರ್ ಅಥವಾ ಗ್ಯಾಸ್ಕೆಟ್ ಸೋತಿದೆ. ಅಲ್ಲಿಂದ ಮುಂದೆ ರಿಪೇರಿಗೆ ಮಿತಿಯಿಲ್ಲ.

ಕರಾವಳಿಯವರಿಗೆ ಒಂದು ವಿಷಯ ಗೊತ್ತು. ಮಲ್ಪೆ, ಗಂಗೊಳ್ಳಿಯ ನಾಡದೋಣಿಗಳಲ್ಲಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವುದು ರೂಢಿ. ಅಂಥ ಎಂಜಿನ್ನಿನಲ್ಲಿ ಕಾರ್ಬನ್ ಕಟ್ಟುವುದು ಹೆಚ್ಚು. ಸಮುದ್ರದಿಂದ ಬಂದ ಎಂಜಿನ್ ಆದರೆ "ಯಾವ ಎಣ್ಣೆಯಲ್ಲಿ ಓಡಿದೆ? ಪ್ರತಿದಿನ ಸಿಹಿನೀರಲ್ಲಿ ತೊಳೆಯುತ್ತಿದ್ದಿರಾ?" ಎಂದು ಕೇಳಿ.

ನೋಡಲು ಹೋದ ದಿನ

ಹೋದಕೂಡಲೇ ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಯಾರೋ ಓಡಿಸಿದ್ದಾರೆ. ಆರಲು ಬಿಟ್ಟು, ಊಟ ಮುಗಿಸಿ ಬಂದು, ಆಮೇಲೆ ಸ್ಟಾರ್ಟ್ ಮಾಡಿಸಿ. ತಣ್ಣನೆಯ ಎಂಜಿನ್ ಸುಳ್ಳು ಹೇಳುವುದಿಲ್ಲ.

ದಡದ ಮೇಲೆ ನೀರಿಲ್ಲದೆ ಓಡಿಸಲು ಬಿಡಬೇಡಿ, ಇಂಪೆಲರ್ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಓಡಿಸಬಹುದು. ಆದರೆ ಡ್ರಮ್ಮಿನಲ್ಲಿ ಓಡಿದ್ದು ಅರ್ಧ ಪರೀಕ್ಷೆ ಮಾತ್ರ. ಭಾರ ಹೇರಿ, ನೀರಿನಲ್ಲಿ ಅರ್ಧ ಗಂಟೆ, ಸ್ವಲ್ಪ ಹೊತ್ತು ಪೂರ್ತಿ ವೇಗದಲ್ಲಿ ಓಡಿಸಿ ನೋಡಬೇಕು. ನಿಲ್ಲಿಸಿ ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಾದ ಮೇಲೆ ಮತ್ತೆ ಸ್ಟಾರ್ಟ್ ಆಗದ ಎಂಜಿನ್ ನಿಮ್ಮನ್ನು ನಡುನೀರಿನಲ್ಲಿ ಕೂರಿಸುತ್ತದೆ.

ಈ ಪರೀಕ್ಷೆಯನ್ನು ಜನರಿಂದ, ಬೇರೆ ದೋಣಿಗಳಿಂದ ದೂರದಲ್ಲಿ ಮಾಡಿ. 2024ರ ಡಿಸೆಂಬರ್ 18ರಂದು ಮುಂಬಯಿ ಬಂದರಿನಲ್ಲಿ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಸ್ಪೀಡ್ ಬೋಟ್ ಹತೋಟಿ ತಪ್ಪಿ, ಎಲಿಫೆಂಟಾಕ್ಕೆ ಹೊರಟಿದ್ದ 'ನೀಲಕಮಲ್' ದೋಣಿಗೆ ಬಡಿಯಿತು. ಹದಿನೈದು ಜೀವ ಹೋಯಿತು. ಪರೀಕ್ಷೆಗೆ ಹೊರಟವರೆಲ್ಲ ಲೈಫ್ ಜಾಕೆಟ್ ಹಾಕಿರಲಿ, ಜೊತೆಗೆ ಒಂದು ಜೋಡಿ ಹುಟ್ಟು ಇರಲಿ.

ಎಂಜಿನ್ ನೋಡುವ ಭರದಲ್ಲಿ ದೋಣಿಯ ಮೈ ಮರೆಯಬೇಡಿ. ಎಂಜಿನ್ ನೇತುಬಿದ್ದಿರುವ ಹಿಂದಿನ ಹಲಗೆ ಮುಖ್ಯ. ಎಂಜಿನ್ನಿನ ಕೆಳತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಹಲಗೆ ಬಾಗಿದರೆ ಒಳಗಿನ ಮರ ಕೊಳೆತಿದೆ. ಫೈಬರ್ ಮೈಯನ್ನು ನಾಣ್ಯದಿಂದ ತಟ್ಟುತ್ತಾ ಬನ್ನಿ. ಟಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಎಂಜಿನ್ ಬದಲಿಸಬಹುದು, ಮೈ ಕೊಳೆತ ದೋಣಿಯನ್ನು ಬಿಡುವುದೇ ಲೇಸು.

ಇನ್ನೊಂದು ಸಣ್ಣ ವಿಷಯ. ಕಡಲ ಮಟ್ಟದಲ್ಲಿ ಓಡಿದ ಪೆಟ್ರೋಲ್ ಎಂಜಿನ್ ಎತ್ತರಕ್ಕೆ ಬಂದರೆ ತೆಳು ಗಾಳಿಯಿಂದ ಪ್ರತಿ 300 ಮೀಟರಿಗೆ ಶೇಕಡಾ 3ರಷ್ಟು ಬಲ ಕಳೆದುಕೊಳ್ಳುತ್ತದೆ. ನಾಸಿಕ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಶೇಕಡಾ 6ರಷ್ಟು ಕಡಿಮೆ. ಸೋತ ಎಂಜಿನ್ನಿಗೆ ಅದೂ ಭಾರವೇ.

ಕಾಗದ ಪತ್ರ

1917ರ ಹಳೆಯ ಕಾಯಿದೆಯ ಬದಲು ಈಗ ಒಳನಾಡು ಹಡಗುಗಳ ಕಾಯಿದೆ, 2021 ಬಂದಿದೆ. ಅದರ ಪ್ರಕಾರ ಯಂತ್ರದಿಂದ ಓಡುವ ದೋಣಿಗೆ ನೋಂದಣಿ, ತಪಾಸಣೆಯ ಸರ್ಟಿಫಿಕೇಟ್, ವಿಮೆ ಬೇಕು. ನೋಂದಣಿ ಪತ್ರದಲ್ಲಿರುವ ಎಂಜಿನ್ ನಂಬರನ್ನು ಎಂಜಿನ್ ಮೇಲಿನ ನಂಬರಿನೊಡನೆ ತಾಳೆ ನೋಡಿ. "ಪೇಪರ್ ಆಮೇಲೆ ಕೊಡುತ್ತೇನೆ" ಅಂದರೆ ದುಡ್ಡನ್ನೂ ಆಮೇಲೆ ಕೊಡಿ.

ಲೆಕ್ಕ ಹೀಗೆ ಹಾಕಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಂಥದೇ ದೋಣಿ ಚೆನ್ನಾಗಿ ಓಡುವ ಸ್ಥಿತಿಯಲ್ಲಿ 5,00,000 ರೂಪಾಯಿಗೆ ಸಿಗುತ್ತದೆ ಎನ್ನಿ. ಮೆಕ್ಯಾನಿಕ್ ಹೇಳಿದ ರಿಪೇರಿ ಖರ್ಚು 70,000. ಅದಕ್ಕೆ ಅರ್ಧ ಸೇರಿಸಿ, 1,05,000. ಬಿಚ್ಚಿದ ಮೇಲೆ ಖರ್ಚು ಹೆಚ್ಚುವುದೇ ವಾಡಿಕೆ. ಲಾರಿ ಬಾಡಿಗೆ 25,000. ನೋಂದಣಿ, ವಿಮೆ, ಲೈಫ್ ಜಾಕೆಟ್ 30,000. ಒಟ್ಟು 1,60,000. ಅಂದರೆ 3,40,000ಕ್ಕೆ ಕೊಂಡರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಿಮ್ಮ ತಲೆನೋವಿಗೆ, ಅಪಾಯಕ್ಕೆ 50,000 ಕಳೆಯಿರಿ. ನಿಮ್ಮ ಗರಿಷ್ಠ ಬೆಲೆ 2,90,000.

ಈಗ ಎರಡನೆಯ ಲೆಕ್ಕ: ಎಂಜಿನ್ ಬೆಲೆ ಸೊನ್ನೆ. ಬೇರೆ ಎಂಜಿನ್ ಹಾಕಲು 3,00,000 ಬೇಕಾದರೆ, ಲಾರಿ ಮತ್ತು ಕಾಗದದ 55,000 ಸೇರಿ 3,55,000. ಉಳಿಯುವುದು 1,45,000.

ಕಂಪ್ರೆಶನ್ ಪರೀಕ್ಷೆಗೂ ನೀರಿನಲ್ಲಿ ಓಡಿಸಿ ನೋಡುವುದಕ್ಕೂ ಮಾರುವವರು ಒಪ್ಪಿ, ಫಲಿತಾಂಶ ಚೆನ್ನಾಗಿ ಬಂದರೆ ಮೊದಲ ಲೆಕ್ಕದ ಮೇಲೆ ಮಾತಾಡಿ. ಒಪ್ಪದಿದ್ದರೆ ಎರಡನೆಯ ಲೆಕ್ಕವೊಂದೇ ನಿಮ್ಮದು. ಅದಕ್ಕೆ ಅವರು ಇಳಿಯದಿದ್ದರೆ ಚಹಾ ಕುಡಿದು, ನಮಸ್ಕಾರ ಹೇಳಿ ಬನ್ನಿ. ಮೆಕ್ಯಾನಿಕ್ ನಿಮ್ಮ ಕಡೆಯವರಾಗಿರಲಿ, ಅವರ ದಿನಗೂಲಿ ನೀವೇ ಕೊಡಿ.

ಕೊನೆಗೊಂದು ಮಾತು

ಕಾರಿನ ಎಂಜಿನ್ ಕೆಟ್ಟರೆ ರಸ್ತೆ ಬದಿಗೆ ತಳ್ಳಬಹುದು. ನೀರಿನಲ್ಲಿ ಬದಿ ಎಂಬುದಿಲ್ಲ. ಎಂಜಿನ್ ನಿಂತ ದೋಣಿ ಗಾಳಿಗೆ ಅಡ್ಡ ತಿರುಗುತ್ತದೆ, ಅಲೆ ಪಕ್ಕದಿಂದ ಬಡಿಯುತ್ತದೆ. ಮುಂಗಾರಿಗೆ ಮುಂಚಿನ ಬಿರುಗಾಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಎಷ್ಟು ಬೇಗ ಏಳುತ್ತದೆ ಎಂಬುದನ್ನು ಉಜನಿ ಜಲಾಶಯ ತೋರಿಸಿದೆ. 2024ರ ಮೇ 21ರ ಸಂಜೆ ಅಲ್ಲಿ ಗಾಳಿಗೆ ದೋಣಿ ಮಗುಚಿ ಆರು ಜನ ಮುಳುಗಿದರು. ನಿಮ್ಮ ದೋಣಿಯಲ್ಲಿ ಕೂರುವವರು ಹೋಟೆಲಿಗೆ ಬಂದ ಅತಿಥಿಗಳು, ಅವರ ಮಕ್ಕಳು. ಎಂಜಿನ್ ಬಗ್ಗೆ ಅವರು ಕೇಳುವುದಿಲ್ಲ, ನಿಮ್ಮನ್ನು ನಂಬಿ ಹತ್ತುತ್ತಾರೆ.

ಆದ್ದರಿಂದ ನಮ್ಮ ಕೇಳುಗರಿಗೆ ಹೇಳುವುದಿಷ್ಟು. ಭಾವನವರ ಮಾತು ತಪ್ಪೆಂದಲ್ಲ, ಒಂದು ಸರ್ವಿಸಿಗೇ ಸರಿಹೋಗುವ ಎಂಜಿನ್ ಎಷ್ಟೋ ಇವೆ. ಇದು ಅಂಥದ್ದೇ ಎಂಬುದನ್ನು ಗೇಜ್ ಹೇಳಲಿ, ಆಮೇಲೆ ದುಡ್ಡು ಎಣಿಸಿ. ಪರೀಕ್ಷೆ ಆಗುವ ತನಕ ಊರಿನ ಮನೆಯ ದುಡ್ಡು ಬ್ಯಾಂಕಿನಲ್ಲೇ ಇರಲಿ.

ನಿಮಗೂ ಇಂಥ ಪ್ರಶ್ನೆಗಳಿದ್ದರೆ ಬರೆದು ಕಳಿಸಿ. ಮತ್ತೆ ಬಾನುಲಿಯಲ್ಲಿ ಭೇಟಿಯಾಗೋಣ.