ಹಿಂದಕ್ಕೆ ಚೆನ್ನಾಗಿ ನಿಲ್ಲುವ ಕಾರು

ಟಾರಿನ ಮೇಲೆ ಎರಡು ಕರಿಗೆರೆ. ನೆಟ್ಟಗೆ ಹೊರಟು, ಹತ್ತು ಹೆಜ್ಜೆ ಕಳೆದ ಮೇಲೆ ಎಡಕ್ಕೆ ಹೊರಳಿ, ಅಂಬಾಸಿಡರಿನ ಹಿಂದಿನ ಚಕ್ರಗಳ ಅಡಿಗೆ ಬಂದು ನಿಂತಿವೆ. ಮುಂದಿನ ಚಕ್ರಗಳು ಬಂದ ದಾರಿಯಲ್ಲಿ ಒಂದು ಗೀರೂ ಇಲ್ಲ. ಕಾರು ರಸ್ತೆಗೆ ಅಡ್ಡವಾಗಿ, ಕೋಪಿಸಿಕೊಂಡ ಹಸುವಿನಂತೆ ನಿಂತಿದೆ. ಸುಟ್ಟ ರಬ್ಬರಿನ ವಾಸನೆ ಇನ್ನೂ ಆರಿಲ್ಲ.

ಮೈಸೂರಿನ ರಿಂಗ್ ರಸ್ತೆಯಾಚೆ ಸೈಟು ಹಂಚಿ ಮನೆ ಏಳದ ಬಡಾವಣೆ. ಬೆಳಗಿನ ಏಳು ಗಂಟೆ. ಕಲ್ಲು ನೆಟ್ಟ ಸೈಟುಗಳ ನಡುವೆ ಮೇಯುತ್ತಿದ್ದ ಆಡುಗಳು ಕೀರಲು ಸದ್ದಿಗೆ ಒಮ್ಮೆ ತಲೆಯೆತ್ತಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿದವು. ಡ್ರೈವರ್ ಸೀಟಿನಿಂದ ಇಳಿದವರು ಸಾಬರು. ಮಂಡಿ ಮೊಹಲ್ಲಾದ ಗಲ್ಲಿಯೊಂದರಲ್ಲಿ ಮೂವತ್ತು ವರ್ಷಗಳಿಂದ ಹಳೆಯ ಕಾರುಗಳ ಹೊಟ್ಟೆ ಬಗೆಯುತ್ತ ಬಂದ ಕೈ. ಗೆರೆಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಪ್ಪನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು.

"ಇದನ್ನ ಮಣ್ಣು ರೋಡಲ್ಲಿ ನೋಡಿದ್ರೆ ಗಾಡಿ ಸುಳ್ಳು ಹೇಳುತ್ತೆ ಮೇಷ್ಟ್ರೇ. ಒಣ ಟಾರಲ್ಲೇ ನೋಡ್ಬೇಕು."

ಮೇಷ್ಟ್ರು ಎಂದರೆ ಕಾರಿನ ಯಜಮಾನರು, ನಿವೃತ್ತ ಗಣಿತದ ಮೇಷ್ಟ್ರು. ಕಾರು 1977ರ ಮಾರ್ಕ್ 3. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಬಂಗಾಳದ ಉತ್ತರಪಾರಕ್ಕೆ ಬಂದು ಅಂಬಾಸಿಡರ್ ಎಂಬ ಹೆಸರು ಪಡೆದು, 2014ರವರೆಗೆ ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ತಯಾರಾಗುತ್ತಿತ್ತು. ಈ ಕಾಲದ ಕಾರುಗಳಲ್ಲಿ ಡಿಸ್ಕು, ಕಂಪ್ಯೂಟರು ಎಲ್ಲ ಸೇರಿ ಚಕ್ರ ಕಚ್ಚದಂತೆ ಕಾಯುತ್ತವೆ. ಇದರಲ್ಲಿ ನಾಲ್ಕೂ ಕಡೆ ಡ್ರಮ್ಮು, ಒಂದು ಮಾಸ್ಟರ್ ಸಿಲಿಂಡರು, ನಡುವೆ ಬ್ರೇಕ್ ಆಯಿಲ್. ಕಾಯುವ ಕೆಲಸವೆಲ್ಲ ಡ್ರೈವರನ ಪಾದದ್ದು.

ಗಾಡಿ ಸುಳ್ಳು ಹೇಳುತ್ತದೆ ಎಂದು ಸಾಬರು ಅಂದದ್ದರ ಹಿಂದೆ ಒಂದು ಲೆಕ್ಕವಿದೆ. ಬ್ರೇಕ್ ಒತ್ತಿದಾಗ ಕಾರು ಮೂಗು ಬಗ್ಗಿಸುವುದನ್ನು ನೋಡಿಯೇ ಇರುತ್ತೀರಿ. ಹಿಂದಿನ ಚಕ್ರಗಳ ಮೇಲಿದ್ದ ಭಾರದಲ್ಲಿ ಒಂದು ಪಾಲು ಮುಂದಕ್ಕೆ ಹೋಗುತ್ತದೆ. ಮೇಷ್ಟ್ರು ಬೂದುಬಣ್ಣದ ಡೈರಿ ತೆಗೆದು ನನಗೆ ಲೆಕ್ಕ ಮಾಡಿ ತೋರಿಸಿದರು: ಆಳು ಸೇರಿ 1,200 ಕಿಲೋ, ಚಕ್ರದಿಂದ ಚಕ್ರಕ್ಕೆ ಎರಡೂವರೆ ಮೀಟರಿಗೆ ಕೊಂಚ ಕಮ್ಮಿ, ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎಂದಿಟ್ಟುಕೊಂಡರೆ, ಜೋರು ಬ್ರೇಕಿಗೆ ಸುಮಾರು 140 ಕಿಲೋ ಹಿಂದಿನಿಂದ ಮುಂದಕ್ಕೆ. ಎರಡು ಆಳಿನ ತೂಕ ಹಿಂದಿನ ಸೀಟಿನಿಂದ ಎದ್ದು ಬಾನೆಟ್ ಮೇಲೆ ಕೂತಂತೆ. ಮಣ್ಣಿನಲ್ಲಿ ಚಕ್ರ ಬೇಗ ಜಾರಿಬಿಡುವುದರಿಂದ ಕಾರು ಅಷ್ಟು ಜೋರಾಗಿ ನಿಧಾನಿಸುವುದೇ ಇಲ್ಲ, ಭಾರವೂ ಅಷ್ಟು ಸರಿಯುವುದಿಲ್ಲ. ಹಿಂದಿನ ಚಕ್ರದ ರೋಗ ಮುಚ್ಚಿಹೋಗುತ್ತದೆ.

ಅದಕ್ಕೇ ಕಾರು ಮಾಡಿದವರು ಮುಂದಿನ ಬ್ರೇಕಿಗೆ ಹೆಚ್ಚು ಬಲ ಕೊಟ್ಟಿರುತ್ತಾರೆ. ಮುಂದಿನವು ಮೊದಲು ಕಚ್ಚಿದರೆ ಸ್ಟಿಯರಿಂಗ್ ಮಾತು ಕೇಳದಿದ್ದರೂ ಕಾರು ನೆಟ್ಟಗಾದರೂ ಹೋಗುತ್ತದೆ. ಹಿಂದಿನವು ಮೊದಲು ಕಚ್ಚಿದರೆ ಬಾಲ ತಲೆಯನ್ನು ದಾಟಲು ಹೊರಡುತ್ತದೆ. ಇಳಿಜಾರು ಸಿಕ್ಕ ಕಡೆಗೆ, ಅಂದರೆ ನಮ್ಮ ರಸ್ತೆಗಳಲ್ಲಿ ಎಡಕ್ಕೆ.

ಈ ರೋಗಕ್ಕೆ ಮೇಷ್ಟ್ರು ಮಾಡಿಸದ ಚಿಕಿತ್ಸೆಯಿಲ್ಲ. ಹಿಂದಿನ ಹಬ್ಬಿನ ಆಯಿಲ್ ಸೀಲ್ ಸೋರಿ ಲೈನರ್ ಮೇಲೆ ಎಣ್ಣೆ ಕೂತಿದೆಯೆಂದು ಒಬ್ಬರು ಸೀಲ್ ಬದಲಿಸಿದರು. ಅದೂ ಸುಳ್ಳಲ್ಲ, ತೆಳುವಾಗಿ ಎಣ್ಣೆ ತಗುಲಿದ ಲೈನರ್ ಕೆಲವೊಮ್ಮೆ ಜಾರುವ ಬದಲು ಕಚ್ಚಿಕೊಳ್ಳುತ್ತದೆ. ಇನ್ನೊಬ್ಬರು ಡ್ರಮ್ಮನ್ನು ಲೇತಿಗೆ ಕೊಟ್ಟು ಉರುಟು ಮಾಡಿಸಿದರು. ಮತ್ತೊಬ್ಬರು, ಹಿಂದಿನ ಅಡ್ಜಸ್ಟರ್ ನಾಲ್ಕು ಹಲ್ಲು ಸಡಿಲ ಬಿಡಿ ಸಾರ್, ಸರಿಹೋಗುತ್ತೆ ಎಂದರು. ಸಡಿಲ ಬಿಟ್ಟರೆ ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ, ಅಷ್ಟೇ. ಶೂ ಡ್ರಮ್ಮಿಗೆ ತಾಗಿದ ಮೇಲೆ ಬಲ ಮೊದಲಿನಷ್ಟೇ. ಈ ಮದ್ದು ನಮ್ಮ ಗ್ಯಾರೇಜುಗಳಲ್ಲಿ ಯಾಕೆ ಇಷ್ಟು ಜನಪ್ರಿಯವೋ ನನಗೆ ಇವತ್ತಿಗೂ ತಿಳಿದಿಲ್ಲ.

"ಜನ ತುಂಬಿದ್ರೆ ಏನೂ ಆಗಲ್ಲ," ಎಂದರು ಮೇಷ್ಟ್ರು. "ತಂಗಿ ಮಗಳ ಮದುವೆಗೆ ಒಂಬತ್ತು ಜನ ಹಾಕ್ಕೊಂಡು ನಂಜನಗೂಡಿಗೆ ಹೋಗಿದ್ದೆ. ಬೆಣ್ಣೆ ಥರ ನಿಂತಿತು. ಒಬ್ಬನೇ ಹೋದ್ರೆ ಮಾತ್ರ ಹೀಗೆ."

ಹಿಂದಿನ ಸೀಟಿನ ಆ ಭಾರವೇ ರೋಗವನ್ನು ಅದುಮಿಟ್ಟಿತ್ತು. ಸಾಬರು ತಲೆದೂಗಿದರು. ಆಮೇಲೆ ಯಾರೂ ಕೇಳಿರದ ಒಂದು ಪ್ರಶ್ನೆ ಕೇಳಿದರು.

"ರಿವರ್ಸಲ್ಲಿ ಹೆಂಗೆ?"

"ಅಯ್ಯೋ, ಅದು ಬಿಡಿ, ಇಟ್ಟಲ್ಲಿ ನಿಲ್ಲುತ್ತೆ! ನಮ್ಮನೆ ಗೇಟಿನೊಳಕ್ಕೆ ಇಳಿಜಾರಲ್ಲಿ ಹಿಂದಕ್ಕೆ ಬಿಡ್ತೀನಲ್ಲ, ಹೂಕುಂಡಕ್ಕೆ ಒಂದು ಗೇಣು ಇರುವಾಗ ಒತ್ತಿದ್ರೂ ಗಕ್ಕಂತ ನಿಲ್ಲುತ್ತೆ."

ಸಾಬರು ಮಾತಿಲ್ಲದೆ ಕಾರು ಹತ್ತಿ, ಸ್ಟಿಯರಿಂಗ್ ಪಕ್ಕದ ಗೇರ್ ಹಿಡಿಯನ್ನು ರಿವರ್ಸಿಗೆ ಎಳೆದು, ಹಿಂದಕ್ಕೆ ಬಿಟ್ಟು ಬ್ರೇಕ್ ಒತ್ತಿದರು. ಕಾರು ಗೂಟಕ್ಕೆ ಕಟ್ಟಿದಂತೆ ನಿಂತಿತು. ಕಿಟಕಿಯಿಂದ ಹೊರಬಂದ ಮುಖದಲ್ಲಿ ನಗು.

"ಹಿಂದಿನ ಚಕ್ರದ್ದು ಏನೂ ತಪ್ಪಿಲ್ಲ ಮೇಷ್ಟ್ರೇ. ಪಾಪ, ಎಲ್ಲ ಕೆಲಸ ಅದೇ ಮಾಡ್ತಿದೆ."

ಗ್ಯಾರೇಜಿನಲ್ಲಿ ಜಾಕಿ ಏರಿಸಿ, ಮುಂದಿನ ಚಕ್ರ ಬಿಚ್ಚಿ, ಡ್ರಮ್ಮಿನ ಅಂಚಿಗೆ ಮರದ ಸುತ್ತಿಗೆಯಿಂದ ನಾಲ್ಕು ಏಟು. ಡ್ರಮ್ಮು ಒಲ್ಲದ ಮನಸ್ಸಿನಿಂದ ಕಳಚಿಕೊಂಡಿತು. ಒಳಗೆ ಕರಿ ಹುಡಿ. ಹುಡುಗ ಗಾಳಿ ಪೈಪ್ ಎತ್ತಿಕೊಂಡ. "ಲೇ, ಊದಬೇಡ!" ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಶ್ವಾಸಕೋಶಕ್ಕೆ ಹೋದರೆ ಹೊರಬಾರದ ಹುಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದ.

ಮುಂದಿನ ಚಕ್ರದೊಳಗೆ ಎರಡು ಶೂ, ಎರಡಕ್ಕೂ ಬೇರೆ ಬೇರೆ ಸಿಲಿಂಡರು. ಮೊದಲು ಕಣ್ಣಿಗೆ ಬಿದ್ದದ್ದು ರಬ್ಬರ್ ಹೋಸು. ಸಲೀಸಾಗಿ ಬಾಗಿರಬೇಕಾದದ್ದು ತಿರುಚಿಕೊಂಡು, ಎಲ್ಲೋ ಉಜ್ಜಿ ಒಂದು ಕಡೆ ಬೆಳ್ಳಗಾಗಿತ್ತು. ಸಾಬರು ಹುಡುಗನನ್ನು ಕರೆದರು.

"ಗಾಡಿ ಮುಂದಕ್ಕೆ ಹೋಗೋವಾಗ ಈ ಚಕ್ರ ಯಾವ ಕಡೆ ತಿರುಗುತ್ತೆ? ಬೆರಳಲ್ಲಿ ತೋರಿಸು."

ಎಡಗಡೆಯ ಚಕ್ರ. ಹುಡುಗ ಗಡಿಯಾರದ ಎದುರು ದಿಕ್ಕಿಗೆ ಬೆರಳು ತಿರುಗಿಸಿದ.

"ಬೆರಳು ಪಿಸ್ಟನ್ ಕಡೆಯಿಂದ ಹೊರಟು ಶೂ ಮೇಲೆ ಹೋಗ್ಬೇಕು. ನಿನ್ನ ಬೆರಳು ಎಲ್ಲಿಂದ ಎಲ್ಲಿಗೆ ಹೋಯ್ತು?"

ಹುಡುಗ ಮತ್ತೊಮ್ಮೆ ತಿರುಗಿಸಿದ. ಬೆರಳು ಶೂ ಮೇಲೆ ಸಾಗಿ ಪಿಸ್ಟನ್ನಿನ ಬಳಿ ಮುಗಿಯಿತು. "ಉಲ್ಟಾ," ಎಂದ.

ಚಿಕ್ಕವರಿದ್ದಾಗ ಕೋಲನ್ನು ನೆಲಕ್ಕೆ ಊರಿ ಓಡಿದವರಿಗೆ ಇದು ಗೊತ್ತು. ಕೋಲನ್ನು ಮುಂದೆ ಚಾಚಿ ತಳ್ಳಿದರೆ ನೆಲಕ್ಕೆ ಚುಚ್ಚಿಕೊಂಡು ನಮ್ಮನ್ನೇ ನಿಲ್ಲಿಸುತ್ತದೆ. ಅದೇ ಕೋಲನ್ನು ಹಿಂದೆ ಎಳೆದುಕೊಂಡು ಹೋದರೆ ಗೆರೆ ಎಳೆಯುತ್ತ ಸುಮ್ಮನೆ ಬರುತ್ತದೆ. ಬ್ರೇಕ್ ಶೂ ಕೂಡ ಹಾಗೇ. ಪಿಸ್ಟನ್ ಒತ್ತಿದ ತುದಿಯಿಂದ ಡ್ರಮ್ ತಿರುಗುತ್ತ ಬಂದರೆ, ಡ್ರಮ್ಮೇ ಶೂವನ್ನು ತನ್ನೆಡೆಗೆ ಇನ್ನಷ್ಟು ಎಳೆದುಕೊಳ್ಳುತ್ತದೆ, ಒಂದು ಪಾಲು ಒತ್ತಿದರೆ ಎರಡು ಪಾಲು ಹಿಡಿಯುತ್ತದೆ. ಎದುರು ದಿಕ್ಕಿನಿಂದ ಬಂದರೆ ದೂಡಿಬಿಡುತ್ತದೆ. ಇಂಥ ಕಾರುಗಳಲ್ಲಿ ಮುಂದಿನ ಎರಡು ಶೂಗಳೂ ಎಳೆಸಿಕೊಳ್ಳುವಂಥವು. ಹಿಂದಿನ ಚಕ್ರದಲ್ಲಿ ಒಂದು ಎಳೆಸಿಕೊಳ್ಳುವುದು, ಇನ್ನೊಂದು ದೂಡಿಸಿಕೊಳ್ಳುವುದು. ಹ್ಯಾಂಡ್‌ಬ್ರೇಕ್ ಏರಿನಲ್ಲೂ ಇಳಿಜಾರಿನಲ್ಲೂ ಹಿಡಿಯಬೇಕಲ್ಲ.

ಎರಡು ವರ್ಷದ ಹಿಂದೆ ಎಲ್ಲೋ ಮುಂಭಾಗವನ್ನೆಲ್ಲ ಬಿಚ್ಚಿ ಬಣ್ಣ ಹೊಡೆಸಿದ್ದರಂತೆ. ಶೂ, ಸಿಲಿಂಡರು ಕೂರುವ ತಗಡಿನ ತಟ್ಟೆಗಳು ಕನ್ನಡಿಯಲ್ಲಿ ನೋಡಿದಂತೆ ಒಂದಕ್ಕೊಂದು ಎದುರುಬದುರು. ಬಿಸಿಲಲ್ಲಿ ಒಣಗಿಸಿ ಮತ್ತೆ ಕೂರಿಸುವಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿದೆ. ಬಣ್ಣವೇನೋ ಬಹಳ ಚೆನ್ನಾಗಿತ್ತು, ಎರಡು ವರ್ಷವಾದರೂ ಮಿರಿಮಿರಿ.

ತಟ್ಟೆಗಳನ್ನು ಬದಲಿಸಿ ಕೂರಿಸಿ, ಹೊಸ ಹೋಸು ಹಾಕುವ ಹೊತ್ತಿಗೆ ಮಧ್ಯಾಹ್ನ. ಪೈಪು ಬಿಚ್ಚಿದ ಮೇಲೆ ಗಾಳಿ ಹೊಕ್ಕಿರುತ್ತದೆ. ಹುಡುಗ ಪೆಡಲ್ ಮೇಲೆ, ಸಾಬರು ಚಕ್ರದ ಬಳಿ. ನಿಪ್ಪಲ್ಲಿಗೆ ಸಿಕ್ಕಿಸಿದ ನಳಿಗೆಯ ಇನ್ನೊಂದು ತುದಿ ಗಾಜಿನ ಬಾಟಲಿಯ ಆಯಿಲಿನೊಳಗೆ. "ಹೊಡಿ... ಹೊಡಿ... ಹಿಡ್ಕೋ." ಬಾಟಲಿಯಲ್ಲಿ ಗುಳುಗುಳು. "ಬಿಡು." ದೂರದ ಚಕ್ರದಿಂದ ಶುರುಮಾಡಿ ನಾಲ್ಕೂ ಮುಗಿಯುವಷ್ಟರಲ್ಲಿ ಮೀನಿನ ಕಣ್ಣಿನಂಥ ಗುಳ್ಳೆಗಳು ನಿಂತವು, ಪೆಡಲ್ ಕಲ್ಲಿನಂತಾಯಿತು. ಅಡ್ಜಸ್ಟರುಗಳನ್ನು ಚಕ್ರ ಕಚ್ಚುವವರೆಗೆ ಬಿಗಿ ಮಾಡಿ, ಕಟ್ ಕಟ್ ಎಂದು ಹಲ್ಲು ಹಲ್ಲಾಗಿ ಹಿಂದೆ ಬಿಟ್ಟರು, ಚಕ್ರ ಕೈಯಲ್ಲಿ ಹಗುರಾಗಿ ಸುತ್ತುವವರೆಗೆ.

ಸಂಜೆ ಮತ್ತೆ ಅದೇ ಬಡಾವಣೆ, ಬೆಳಗಿನ ಗೆರೆಗಳ ಪಕ್ಕದಲ್ಲೇ. ಕಾರು ಮೂಗು ಬಗ್ಗಿಸಿ ನೆಟ್ಟಗೆ ನಿಂತಿತು. ಮುಂದಿನ ಚಕ್ರಗಳ ಹಿಂದೆ ಎರಡು ಗಿಡ್ಡ ಗೆರೆ, ಹಿಂದಿನವುಗಳ ಬಳಿ ಬರೀ ಧೂಳು. ಆಡುಗಳು ಈ ಸಲ ತಲೆಯೆತ್ತಲೂ ಇಲ್ಲ.

ಕೀಲಿಕೈ ಕೊಡುತ್ತ ಸಾಬರು ಎರಡು ಸಲ ಹೇಳಿದರು: "ರಿವರ್ಸಲ್ಲಿ ಹುಷಾರು ಮೇಷ್ಟ್ರೇ. ಇನ್ಮೇಲೆ ಹಿಂದಕ್ಕೆ ಅಷ್ಟು ನಿಲ್ಲಲ್ಲ. ಅದು ಹಂಗೇ ಇರಬೇಕು."

ಮೇಷ್ಟ್ರು ತಲೆಯಾಡಿಸಿ ಕೂತರು. ಮನೆಯವರೆಗೆ ಜೊತೆಗೆ ನಾನೂ ಹೋದೆ. ದಾರಿಯುದ್ದಕ್ಕೂ ಪ್ರತಿ ಸಿಗ್ನಲ್ಲಿಗೂ ಬೇಕೆಂದೇ ಒಂದಿಷ್ಟು ಗಟ್ಟಿಯಾಗಿ ಒತ್ತಿ ಖುಷಿಪಟ್ಟರು. ಗೇಟಿನೆದುರು ನಿಲ್ಲಿಸಿ, ಅಭ್ಯಾಸಬಲದಿಂದ ಗೇರ್ ಹಿಡಿಯನ್ನು ರಿವರ್ಸಿಗೆ ಎಳೆದು, ಇಳಿಜಾರಿಗೆ ಬಿಟ್ಟು, ಹೂಕುಂಡಕ್ಕೆ ಒಂದು ಗೇಣು ಇರುವಾಗ ಬ್ರೇಕ್ ಒತ್ತಿದರು.

ಒಳಗಿನಿಂದ ಅವರ ಹೆಂಡತಿಯ ದನಿ: "ಏನ್ರೀ ಅದು ಸದ್ದು?"